ಮಂಜುಗಡ್ಡೆ ಒಡೆಯುವ ಟಗ್ಗಿನೊಳಗಿನ ಸೆಕೆ

೧೯೮೫ರ ಹೊತ್ತಿಗೆ ನಾನು ಮಸ್ಕತ್ತಿನ ಮತ್ರಾ ಬಂದರಿನ ಬಳಿ ಟಗ್ ಕಂಪೆನಿಯೊಂದರ ಮೆಸ್ಸಿನಲ್ಲಿ ಅಡುಗೆಯವಳಾಗಿದ್ದೆ. ಗಂಡ ಅಲ್ಲೇ ವೆಲ್ಡರ್. ಟಗ್ ಎಂದರೆ ದೊಡ್ಡ ಹಡಗುಗಳನ್ನು ಎಳೆದು, ದೂಡಿ ದಕ್ಕೆಗೆ ತರುವ ಗಟ್ಟಿ ದೋಣಿ. ನಾನು ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಇಂಜಿನ್ನಿನ ವಿಷಯ ಗಂಡ ಹೇಳಿದಷ್ಟೇ ಗೊತ್ತು.

ಆ ವರ್ಷ ಕಂಪೆನಿ ಒಂದು ಹಳೆಯ ಟಗ್ ತಂದಿತು. ಯಾವುದೋ ಚಳಿ ದೇಶದ ಕೋಸ್ಟ್ ಗಾರ್ಡ್ ಅದನ್ನು ಮಂಜುಗಡ್ಡೆ ಒಡೆಯಲು ಇಟ್ಟುಕೊಂಡಿತ್ತಂತೆ. ಟಗ್ಗಿನ ಮೂತಿ ಮಂಜುಗಡ್ಡೆಯ ಮೇಲೇರಿ ತನ್ನ ಭಾರದಿಂದಲೇ ಅದನ್ನು ಮುರಿಯುತ್ತದೆ ಎಂದರೆ ಮೊಮ್ಮಕ್ಕಳು ಈಗಲೂ ನಂಬುವುದಿಲ್ಲ. ಒಳಗಿನ ಬಿಸಿ ಹೊರಗೆ ಹೋಗದಿರಲೆಂದು ಗೋಡೆಗೆ ಎರಡು ಪದರ ಹೊಡೆದು, ನಡುವೆ ಹತ್ತಿಯಂಥದ್ದೇನೋ ತುಂಬಿದ್ದರು. ಕಿಟಕಿ ತೆರೆಯುತ್ತಿರಲಿಲ್ಲ. ಜೂನ್ ತಿಂಗಳಲ್ಲಿ ಅದರ ಇಂಜಿನ್ ರೂಮಿಗೆ ಇಳಿಯುವುದೂ ಒಂದೇ, ಇಡ್ಲಿ ಬೇಯಿಸುವ ಪಾತ್ರೆಗೆ ಇಳಿಯುವುದೂ ಒಂದೇ. ಫ್ಯಾನ್ ಹಾಕಿಸಿ ಎಂದು ಗಂಡ ಕೇಳಿದ. ನೋಡೋಣ ಎಂದರು ಆಫೀಸಿನವರು.

ಅಲ್ಲಿ ಇಂಜಿನ್ನಿಗೆ ಎಣ್ಣೆ ಹಾಕುವ ಆಯಿಲ್‌ಮ್ಯಾನ್ ಮಲ್ಪೆ ಕಡೆಯ ಸಂಜೀವ. ನಾನು ದಿನವೂ ಅವನಿಗೆ ಒಂದು ಕ್ಯಾನ್ ಉಪ್ಪು ಹಾಕಿದ ಗಂಜಿಯ ತಿಳಿ ಕೊಡುತ್ತಿದ್ದೆ. ಕೆಳಗೆ ಕಾದುಹೋಗುತ್ತದೆಂದು ಅದನ್ನು ಡೆಕ್ಕಿನ ಮೇಲೆ, ಏಣಿಯ ಬಾಯಲ್ಲಿ ನೇತುಹಾಕುತ್ತಿದ್ದ. ಕುಡಿಯುವ ನೀರಿನ ಡ್ರಮ್ ಕೂಡ ಅಲ್ಲೇ. ಹಗ್ಗ ನೋಡಿಕೊಳ್ಳುವ ಒಮಾನಿ ಖಮೀಸ್ ಕೂರುತ್ತಿದ್ದುದೂ ಅದೇ ನೆರಳಿನಲ್ಲಿ. ಅವರಿಗೆ ವಯಸ್ಸಾಗಿತ್ತು, ಹಿಂದಿ ಚೆನ್ನಾಗಿ ಬರುತ್ತಿತ್ತು.

ರಂಜಾನ್ ಶುರುವಾಯಿತು. ಕ್ಯಾನ್ ತುಂಬಿಯೇ ವಾಪಸ್ ಬಂತು.

"ಎಂಥ ಮಾರಾಯ ಇದು? ಹಳಸಿತ್ತಾ?"

"ಇಲ್ಲ ಅಕ್ಕ. ಖಮೀಸ್ ಅಜ್ಜ ಉಪವಾಸ ಕೂತಿರ್ತಾರೆ. ಅವರ ಮುಖದೆದುರು ಗಟಗಟ ಕುಡೀಲಿಕ್ಕೆ ಆಗ್ತದಾ?"

"ಅವರಿಗೆ ಪುಣ್ಯ ಉಂಟು. ನಿನಗೆ ಎಂಥ ಸಿಗ್ತದೆ, ಮಣ್ಣು?"

"ಬೆಳಿಗ್ಗೆ ಹೊಟ್ಟೆ ತುಂಬ ಕುಡಿದೇ ಹೋಗ್ತೇನೆ. ದೋಣಿಯಲ್ಲೇ ಬೆಳೆದವ ನಾನು."

"ನಾಳೆ ನಾನೇ ಅವರ ಹತ್ರ ಹೇಳ್ತೇನೆ."

"ಬೇಡ ಮಾರಾಯ್ತಿ, ಅವರಿಗೆ ಬೇಜಾರಾದೀತು."

ಬೇಜಾರಾದರೆ ಆಗಲಿ ಎಂದು ಮರುದಿನ ಬೆಳಿಗ್ಗೆ ದಕ್ಕೆಗೆ ಹೋದೆ. ಇಂಜಿನ್ ಕೆಟ್ಟ ಹಡಗೊಂದನ್ನು ಎಳೆದು ತರಲು ಟಗ್ ಹೊರಟುಹೋಗಿತ್ತು. ಅದು ಬಂದದ್ದು ಹೊತ್ತು ಇಳಿದ ಮೇಲೆ. ಸಂಜೀವ ಡೆಕ್ಕಿನ ಮೇಲೆ ಬಿದ್ದಿದ್ದ. ಮೈ ಕೆಂಡ, ಬೆವರೇ ಇಲ್ಲ. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಖಮೀಸ್ ಒದ್ದೆ ಬಟ್ಟೆ ಹಿಂಡುತ್ತಿದ್ದರು. ಆಸ್ಪತ್ರೆಯಲ್ಲಿ ಹೀಟ್ ಸ್ಟ್ರೋಕ್ ಎಂದರು; ದೇಹ ತನ್ನ ಬಿಸಿಯನ್ನು ಹೊರಹಾಕಲಾರದೆ ಒಳಗೊಳಗೇ ಬೇಯುವುದು. ಮರುದಿನ ತೀರಿಕೊಂಡ. ಹೆಣ ಊರಿಗೆ ಹೋಯಿತು. ಟಗ್ಗಿಗೆ ಫ್ಯಾನ್ ಬಂತು.

ಕೆಲವು ದಿನಗಳ ಮೇಲೆ ಖಮೀಸ್ ಮೆಸ್ಸಿನ ಬಾಗಿಲಿಗೆ ಬಂದರು. ಸಂಜೀವ ಯಾಕೆ ಏನೂ ಕುಡಿಯುತ್ತಿರಲಿಲ್ಲ ಎಂದು ಕೇಳಿದರು. ಇದ್ದದ್ದನ್ನು ಹೇಳಿದೆ.

"ಕೆಳಗೆ ನೀರು ಇಟ್ಟುಕೊಂಡಿದ್ದಾನೆ ಅಂದುಕೊಂಡಿದ್ದೆ, ಬೆಹೆನ್. ಮನೆಯಲ್ಲಿ ಮಕ್ಕಳು ದಿನಾ ನನ್ನೆದುರೇ ಊಟ ಮಾಡ್ತಾರೆ. ಇವನು ಒಂದು ಮಾತು ಕೇಳಬಾರದಿತ್ತಾ?"

"ನಿಮ್ಮ ಮೇಲಿನ ಮರ್ಯಾದೆಗೆ ಕೇಳಲಿಲ್ಲ."

"ಅಂಥ ಮರ್ಯಾದೆ ಕೊಡು ಅಂತ ನಾನು ಹೇಳಿದ್ದೆನಾ?"

ಅವರು ಆ ಟಗ್ಗನ್ನು ಮತ್ತೆ ಹತ್ತಲಿಲ್ಲ.

ಸಂಜೀವನದು ದೊಡ್ಡ ಮನಸ್ಸು ಎಂದು ಮೆಸ್ಸಿನಲ್ಲಿ ಎಲ್ಲರೂ ಹೊಗಳಿದರು. ನಾನು ಹೊಗಳಲಿಲ್ಲ, ಈಗಲೂ ಹೊಗಳುವುದಿಲ್ಲ. ಇನ್ನೊಬ್ಬರಿಗೆ ಬೇಸರವಾದೀತೆಂದು ನಾವೇ ತೀರ್ಮಾನಿಸಿ ಬಾಯಿ ಕಟ್ಟಿಕೊಳ್ಳಬಾರದು, ಹೋಗಿ ಕೇಳಬೇಕು. ಆ ಮೆಸ್ಸಿನ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಕೇಳಿದ್ದರೆ ಖಮೀಸ್ ಕುಡಿ ಎನ್ನುತ್ತಿದ್ದರು.