ಚಾವಿ ಕಿಸೆಯಲ್ಲಿಟ್ಟುಕೊಂಡ ಮಿಸ್ತ್ರಿ

ಕೆಟ್ಟು ನಿಂತ ಗಾಡಿಯ ಹತ್ತಿರ ಬಂದ ಕೂಡಲೇ ಗುರುಪಾದಪ್ಪ ಮಿಸ್ತ್ರಿ ಮೊದಲು ಚಾವಿ ಕೇಳುತ್ತಿದ್ದರು. ಚಾಲೂ ಮಾಡಿ ನೋಡುತ್ತಾರೆಂದು ನಾವು ಖುಷಿಯಿಂದ ಕೊಟ್ಟರೆ, ಅದನ್ನು ಅಂಗಿಯ ಒಳಗಿನ ಕಿಸೆಗೆ ಇಳಿಬಿಟ್ಟು, ಮೇಲಿನಿಂದ ಎರಡು ಸಲ ತಟ್ಟಿ, "ಇನ್ನ ಇದರ ಹಂಬಲ ಬಿಡ್ರಿ" ಅನ್ನುತ್ತಿದ್ದರು. ಅಲ್ಲಿಗೆ ಆ ಗಾಡಿ ನಿಮ್ಮದಲ್ಲ. ಅವರಾಗಿ ಚಾವಿ ತಿರುಗಿ ಕೊಡುವ ದಿನದವರೆಗೆ ನೀವು ಹಾಲಿನ ಗಡಿಗೆಯ ಸುತ್ತ ಬೆಕ್ಕು ತಿರುಗಿದ ಹಾಗೆ ತಿರುಗಬೇಕು, ಅಷ್ಟೆ.

ಬೈಲಹೊಂಗಲದಲ್ಲಿ ಸವದತ್ತಿ ರಸ್ತೆಗೆ ಹತ್ತಿಕೊಂಡು ಅವರದೊಂದು ತಗಡಿನ ಗ್ಯಾರೇಜು ಇತ್ತು. ಮಿಸ್ತ್ರಿ ಅಂದರೆ ಮೈಯೆಲ್ಲ ಗ್ರೀಸು ಅಂತ ನಮ್ಮ ಲೆಕ್ಕ. ಇವರು ಬಿಳಿ ಧೋತರ, ಬಿಳಿ ಅಂಗಿ. ಸಂಜೆಗೆ ಮನೆಗೆ ಹೊರಟಾಗ ಬಲಗೈಯ ಹೆಬ್ಬೆರಳೊಂದೇ ಕಪ್ಪಗಿರುತ್ತಿತ್ತು. ಹೂಲಿಯ ಒಕ್ಕಲುತನದ ಮನೆಯವರು. ಹೊಲದಲ್ಲಿ ಕೂರಿಗೆ ಹೂಡುವುದಕ್ಕೆ ಮೊದಲು ಮಣ್ಣು ಹಿಡಿದು ಮೂಸುವ ಅಪ್ಪನನ್ನು ನೋಡಿ ಬೆಳೆದವರು. ಗಾಡಿಯನ್ನೂ ಹಾಗೇ ಮೂಸುತ್ತಿದ್ದರು. ಪೆಟ್ರೋಲ್ ಟಾಕಿಯ ಮುಚ್ಚಳ ತೆಗೆದು ಮೂಗು ಇಟ್ಟರೆಂದರೆ ಒಳಗಿನದು ಎಷ್ಟು ವರ್ಷ ಹಳೆಯದು ಅಂತ ಹೇಳಿಬಿಡುತ್ತಿದ್ದರು. ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಎಂಜಿನ್ನಿಗೆ ಹಚ್ಚಿ, ಹಿಡಿಕೆಯನ್ನು ಕಿವಿಗೆ ಆನಿಸಿ ಕಣ್ಣು ಮುಚ್ಚಿದರೆ ಗ್ಯಾರೇಜಿನಲ್ಲಿ ಯಾರೂ ಕೆಮ್ಮುವ ಹಾಗಿರಲಿಲ್ಲ.

ಚಾವಿ ಕಸಿದುಕೊಳ್ಳುವ ಚಟ ಯಾಕೆ ಬಂತು ಅಂತ ಒಮ್ಮೆ ಕೇಳಿದ್ದೆ. ಕಟಕ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿಕೊಂಡು ಕೂತಿದ್ದರು. ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಹೇಳಿದರು:

"ಸುರೇಬಾನದಾಗ ಒಬ್ಬಾತನ ಮನ್ಯಾಗ ಆರು ವರ್ಷ ನಿಂತ ಜೀಪ್ ಇತ್ತು ನೋಡ್ರಿ. ಮನ್ಯಾಗ ಮದಿವಿ. ಮದುಮಗ ಅದರಾಗ ಬರಬೇಕಂತ ಅವರ ಹಟ. ಟ್ರ್ಯಾಕ್ಟರಿಗೆ ಹಗ್ಗಾ ಕಟ್ಟಿ ಜಗ್ಗಿದ್ರು. ಒಳಗ ಎಲ್ಲಾ ಹಿಡಕೊಂಡು ಕುಂತೈತಿ, ಹೊರಗಿಂದ ಜಗ್ಗಾಕತ್ತಾರ. ಫಟ್ ಅಂತ ಒಳಗಿನ ರಾಡ್ ಮುರದು ಎಂಜಿನ್ ಒಡಕೊಂಡು ಹೊರಗ ಬಂತು. ಎಣ್ಣಿ ಸುರದು ಹಂದರದ ಮುಂದ ಹಳ್ಳಾ ಆತು."

"ಎಂಥಾ ಮಂದಿ ಇರತಾರ ನೋಡ್ರಿ," ಅಂದೆ.

"ಮಂದೀನ ಯಾಕ ಬೈತೀರಿ? ಸ್ಟೇರಿಂಗ್ ಹಿಡದಾಂವ ನಾನ ಇದ್ದೆ. ಇಪ್ಪತ್ತೆರಡು ವರ್ಷದಾಂವ. 'ಇನ್ನೂ ಜೋರ ಜಗ್ಗ್ರಿ' ಅಂತ ಒದರಿದಾಂವನೂ ನಾನ."

ಅಷ್ಟು ಹೇಳಿ ಮತ್ತೆ ರೊಟ್ಟಿ ಮುರಿದರು.

ಇಂಥವರ ಕೈಗೆ ನಮ್ಮಪ್ಪನ ಅಂಬಾಸಿಡರ್ ಹೋದ ಕಥೆ ಇದು. ಅಪ್ಪ ಹತ್ತಿಯ ವ್ಯಾಪಾರಿ. ರಾಮದುರ್ಗ, ಸವದತ್ತಿ, ಕಿತ್ತೂರು ಎಲ್ಲ ಕಡೆಯ ರೈತರ ಹೊಲದ ಬದುವಿಗೆ ಆ ಕಾರು ನಿಂತಿದ್ದುಂಟು. ಹಿಂದಿನ ಸೀಟಿನಲ್ಲಿ ಯಾವಾಗಲೂ ಹತ್ತಿಯ ಮಾದರಿಯ ಗಂಟು. ಇಳಿದರೆ ನಮ್ಮ ಚಡ್ಡಿಗೆಲ್ಲ ಅರಳೆ ಅಂಟಿರುತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ಅದನ್ನು ಹತ್ತಿ ತುಂಬಿಡುವ ವಖಾರಿಯ ಮೂಲೆಗೆ ತಳ್ಳಿ, ಹ್ಯಾಂಡ್ ಬ್ರೇಕ್ ಎಳೆದು ಬಿಟ್ಟೆವು. ಹನ್ನೊಂದು ವರ್ಷ ಅಲ್ಲೇ ನಿಂತಿತು.

ನಿಂತಿತು ಅಂದರೆ ಮರೆತೆವು ಅಂತಲ್ಲ. ದಸರೆಯಲ್ಲಿ ಖಂಡೇ ಪೂಜೆಯ ದಿನ ನಮ್ಮ ಮನೆಯಲ್ಲಿ ಈಳಿಗೆಯಿಂದ ತಕ್ಕಡಿಯವರೆಗೆ ಎಲ್ಲಕ್ಕೂ ಪೂಜೆ. ಅವ್ವ ಪ್ರತಿ ವರ್ಷ ಮೊದಲು ವಖಾರಿಗೆ ಹೋಗುತ್ತಿದ್ದಳು. ಕೊಡಗಟ್ಟಲೆ ನೀರು ಸುರಿದು ಕಾರಿಗೆ ಎರೆಯುವಳು. ಗಾಲಿ ಗಾಲಿಗೂ ತಂಬಿಗೆಯಿಂದ ನೀರು ಬಿಡುವಳು. ಬಾನೆಟ್ಟಿನ ಮೇಲೆ ಚಂಡುಹೂವಿನ ಹಾರ, ವಿಭೂತಿ, ಕುಂಕುಮ, ಅಕ್ಕಿಕಾಳು. ಮುಂದಿನ ಗಾಲಿಯ ಕೆಳಗೆ ಒಂದು ನಿಂಬೆಹಣ್ಣು. ಪೂಜೆಯಾದ ಮೇಲೆ ಗಾಡಿ ಅದನ್ನು ತುಳಿದು ಮುಂದೆ ಹೋಗಬೇಕಲ್ಲ? ಇದು ಹೋಗುತ್ತಿರಲಿಲ್ಲ. ತುಳಿಯದ ಹಣ್ಣನ್ನು ಹೊರಗೆ ಒಗೆಯಬಾರದೆಂದು ಅವ್ವ ಮರುವರ್ಷ ಅದನ್ನು ಗಾಲಿಯ ಹಿಂದೆ ಸರಿಸಿ ಹೊಸದನ್ನು ಇಡುತ್ತಿದ್ದಳು.

ನಾಲ್ಕು ವರ್ಷದ ಹಿಂದಿನ ಶ್ರಾವಣದಲ್ಲಿ ನನ್ನ ತಮ್ಮ ಮಲ್ಲು ಊಟಕ್ಕೆ ಕೂತಾಗ ಮಾತು ತೆಗೆದ. ವಖಾರಿಯನ್ನು ದಸರೆಯ ನಂತರ ಗೊಬ್ಬರದ ಅಂಗಡಿಯವರಿಗೆ ಬಾಡಿಗೆಗೆ ಕೊಡುವುದೆಂದು ಮಾತಾಗಿದೆ. ಗುಜರಿಯವನು ಬಂದು ಕಾರು ನೋಡಿ ಹೋಗಿದ್ದಾನೆ.

"ಅಪ್ಪನ ಕಾರೋ ಅದು," ಅಂದೆ.

"ಅಪ್ಪನ ಕಾರ್ ಓಡತಿತ್ತು. ಇದು ಓಡತೈತೇನು? ಖಂಡೇ ಪೂಜಿ ಒಳಗ ತನ್ನ ಕಾಲ್ಮ್ಯಾಲೆ ತಾನ ಹೊರಗ ಬಂತಂದ್ರ ಇರಲಿ. ಇಲ್ಲಂದ್ರ ಕೊಟ್ಟಬಿಡೂಣು. ನೀನ ಹೇಳು, ಅಣ್ಣಾ, ಹನ್ನೊಂದು ವರ್ಷದಾಗ ನೀ ಒಂದ ಸಲ ಅದರ ಬಾಗಲಾ ತಗದೀಯೇನು?"

ತೆಗೆದಿರಲಿಲ್ಲ. ಅವ್ವ ತಾಟಿನಲ್ಲಿದ್ದ ಅನ್ನ ಹಾಗೇ ಬಿಟ್ಟು ಕೈ ತೊಳೆದಳು. ಮರುದಿನ ಬೆಳಿಗ್ಗೆ ನಾನು ಮಿಸ್ತ್ರಿಯ ಗ್ಯಾರೇಜಿನ ಮುಂದೆ ನಿಂತಿದ್ದೆ.

ಮಿಸ್ತ್ರಿ ಬಂದರು, ಚಾವಿ ಕಿಸೆಗೆ ಹೋಯಿತು. ಆ ದಿನ ಅವರು ಮಾಡಿದ್ದಿಷ್ಟೆ: ಕಾರಿನ ಸುತ್ತ ಮೂರು ಸಲ ತಿರುಗಿದರು, ಟಾಕಿ ಮೂಸಿ ಮುಖ ಕಿವುಚಿದರು, ಹಳೆಯ ಪೆಟ್ರೋಲನ್ನೆಲ್ಲ ಇಳಿಸಿದರು. ಪ್ಲಗ್ಗುಗಳನ್ನು ಬಿಚ್ಚಿ, ನಾಲ್ಕೂ ತೂತಿಗೆ ಎರಡೆರಡು ಚಮಚ ಎಣ್ಣೆ ಬಿಟ್ಟು, ಬಾನೆಟ್ಟು ಮುಚ್ಚಿದರು.

"ಇನ್ನ ಎಂಟ ದಿವಸ ಎಂಜಿನ್ ಮುಟ್ಟೂದಿಲ್ರಿ. ಎಣ್ಣಿ ಇಳೀಬೇಕು. ಬಾಳ ದಿವಸ ಮಲಗಿದಾಂವನ್ನ ರಟ್ಟಿ ಹಿಡದು ಎಬ್ಬಸಬಾರದು, ಅಂಗಾಲ ತಿಕ್ಕಬೇಕು."

ನಾನು ದಸರೆಗೆ ದಿನ ಎಣಿಸುತ್ತಿದ್ದೆ. ಇವರು ಮರುದಿನ ಬಂದವರೇ ನಾಲ್ಕೂ ಗಾಲಿ ಬಿಚ್ಚಿ, ಬ್ರೇಕಿನ ಮುಂದೆ ಚಾಪೆ ಹಾಸಿ ಕೂತುಬಿಟ್ಟರು. ಒಂದು ದಿನ, ಎರಡು ದಿನ, ವಾರ. ಬ್ರೇಕಿನ ಪಟ್ಟಿಗಳು ಡ್ರಮ್ಮಿಗೆ ಕಚ್ಚಿ ಹಿಡಿದು ಒಂದೇ ಆಗಿದ್ದವು. ಎಣ್ಣೆ ಬಿಡುವುದು, ಕಟ್ಟಿಗೆಯ ಕೊಡತಿಯಿಂದ ಮೆಲ್ಲಗೆ ಬಡಿಯುವುದು, ಮತ್ತೆ ಎಣ್ಣೆ ಬಿಡುವುದು. ನನಗೆ ತಡೆಯಲಾಗಲಿಲ್ಲ.

"ಮಿಸ್ತ್ರಿ, ಎಂಜಿನ್ ಜೀವಾ ಐತೋ ಇಲ್ಲೋ ಅದನ್ನರೆ ಮೊದಲ ನೋಡ್ರಲ್ಲ. ಅದ ಸತ್ತಿದ್ರ ಈ ಬ್ರೇಕ್ ತಗೊಂಡು ಏನ ಮಾಡೂದು?"

"ಎಂಜಿನ್ ಚಾಲೂ ಆತಂದ್ರ ನಿಮ್ಮ ಕೈ ಸುಮ್ಮನಿರತಾವೇನ್ರಿ, ಸಾವ್ಕಾರ್ರ? ಊರ ಅಗಸಿತನಕಾ ಒಂದ ರೌಂಡ್ ಹೊಡಿಯೂಣು ಅಂತೀರಿ. ನಿಂದರಾಕ ಬರಲಾರದ್ದಕ್ಕ ಓಡಾಕ ಕಲಸಬಾರದ್ರಿ."

ಅವರು ಹೇಳಿದ್ದು ನಿಜವೇ ಇತ್ತು. ಆ ಭಾನುವಾರ ಅವರು ಹೂಲಿಗೆ ಹೋಗಿದ್ದಾಗ ನಾನು ಅವ್ವನ ಟ್ರಂಕಿನಿಂದ ಎರಡನೆಯ ಚಾವಿ ತೆಗೆದುಕೊಂಡು, ನನ್ನ ಪಿಕಪ್ಪಿನ ಬ್ಯಾಟರಿ ಬಿಚ್ಚಿ ತಂದು ಕಾರಿಗೆ ಕೂಡಿಸಿ, ದೇವರ ನೆನೆದು ಚಾವಿ ತಿರುವಿದೆ. ಕಟ್ ಅನ್ನಲಿಲ್ಲ, ಪಿಟ್ ಅನ್ನಲಿಲ್ಲ. ಎಲ್ಲ ಮೊದಲಿನ ಹಾಗೆ ಇಟ್ಟು ಕೈ ಒರೆಸಿಕೊಂಡು ಬಂದೆ.

ಸೋಮವಾರ ಮಿಸ್ತ್ರಿ ಕಾರಿನ ಬಾಗಿಲು ತೆಗೆದು ಸೀಟು ನೋಡಿದರು. "ಇಲ್ಲೆ ಯಾರೋ ಕುಂತ ಹೋಗ್ಯಾರ. ಧೂಳ ಹೇಳಾಕತ್ತೈತಿ," ಅಂದರು. ನನ್ನ ಕಡೆಗೆ ನೋಡಲಿಲ್ಲ. ಊಟದ ಡಬ್ಬಿಯ ಕೆಳಗಿನ ಖಾನೆ ತೆಗೆದು ಒಂದು ವಾಯರ್ ತೋರಿಸಿದರು. "ಸ್ಟಾರ್ಟರಿಂದು. ದಿನಾ ನನ್ನ ರೊಟ್ಟಿ ಜೋಡಿ ಮನಿಗೆ ಹೋಗಿ ಬರತೈತ್ರಿ. ಎಲ್ಲಾ ಮನ್ಯಾಗೂ ಎರಡನೇ ಚಾವಿ ಇರತೈತಿ, ನನಗ ಗೊತ್ತು."

ಆಮೇಲಿನದು ನಾನು ಮರೆಯಲಾರದ ಮಧ್ಯಾಹ್ನ. ಒಳಗಿನ ಹಾಸು ಎತ್ತಿದರೆ ಕೆಳಗೆ ತಗಡೇ ಇಲ್ಲ. ತುಕ್ಕು ತಿಂದು ವಖಾರಿಯ ನೆಲ ಕಾಣುತ್ತಿತ್ತು. ಮಳೆ ಬೀಳದ ಜಾಗದಲ್ಲಿ ಇಷ್ಟು ನೀರು ಎಲ್ಲಿಂದ ಬಂತು? ಮಿಸ್ತ್ರಿ ಮುಂದಿನ ಗಾಜಿನ ಬುಡದಲ್ಲಿರುವ ಗಾಳಿಕಿಂಡಿಗೆ ಕೈ ಹಾಕಿ ಒಂದು ಹಿಡಿ ಹೊರಗೆ ತೆಗೆದರು. ಕಪ್ಪಗೆ ಕೊಳೆತ ಚಂಡುಹೂವಿನ ತೊಟ್ಟು, ಹಾರದ ದಾರ, ನೆನೆದು ಗಂಟುಗಟ್ಟಿ ಒಣಗಿದ ಅಕ್ಕಿ, ಕೆಸರಾದ ಕುಂಕುಮ. ಇನ್ನೊಂದು ಹಿಡಿ, ಮತ್ತೊಂದು ಹಿಡಿ. ನೀರು ಹೊರಗೆ ಹೋಗುವ ತೂತು ಮುಚ್ಚಿ, ಅವ್ವ ಎರೆದ ನೀರೆಲ್ಲ ಕಾರಿನ ಹೊಟ್ಟೆಗೆ ಇಳಿದಿತ್ತು. ಗಾಲಿಗೆ ಬಿಟ್ಟ ತಂಬಿಗೆಯ ನೀರು ಬ್ರೇಕಿನೊಳಗೆ ಕೂತಿತ್ತು. ಗಾಲಿ ಇದ್ದ ಜಾಗದಲ್ಲಿ ಸಾಲಾಗಿ ಹನ್ನೊಂದು ನಿಂಬೆಹಣ್ಣು, ಒಣಗಿ ಗೋಟಡಿಕೆಯ ಹಾಗೆ.

ಹನ್ನೊಂದು ವರ್ಷ ನಾವು ಅದನ್ನು ಪೂಜೆ ಮಾಡಿ ಮಾಡಿ ಕೊಂದಿದ್ದೆವು.

"ಅವ್ವಗ ಹೆಂಗ ಹೇಳೂದ್ರಿ?" ಅಂದೆ.

"ಯಾಕ ಹೇಳಬೇಕು?" ಮಿಸ್ತ್ರಿಯ ದನಿ ಬಿರುಸಾಯಿತು. "ತಗಡಿನ ತುಕ್ಕು ತಿಕ್ಕಿದ್ರ ಹೋಗತೈತ್ರಿ. ಇದು ಅವ್ವಾರ ಮನಸಿಗೆ ಹತ್ತಿದ್ರ ಯಾವ ಪಾಲಿಶ್ ಕಾಗದಲೆ ತಿಕ್ಕತೀರಿ?"

ಅಷ್ಟರಲ್ಲಿ ಅವ್ವ ಚಹಾ ಹಿಡಿದುಕೊಂಡು ವಖಾರಿಯ ಬಾಗಿಲಿಗೆ ಬಂದಳು. ಮಿಸ್ತ್ರಿ ಕೈಯಲ್ಲಿದ್ದುದನ್ನು ಧೋತರದ ಮಡಿಲಿಗೆ ಹಾಕಿಕೊಂಡರು. ಅಷ್ಟು ಬಿಳಿಯ ಧೋತರ!

"ಏನಾಗೇತಿ ಗುರುಪಾದಪ್ಪ, ಒಳಗ?"

"ಇಲಿ ರೀ ಅವ್ವಾರ. ಹಾಳಾದ ಇಲಿ. ಗೂಡ ಕಟ್ಟಿ ಎಲ್ಲಾ ತಿಂದ ಹಾಕ್ಯಾವು."

ಅವ್ವ ಒಂದು ಗಳಿಗೆ ಅವರ ಮಡಿಲು ನೋಡಿದಳು. "ಹೌದಾ? ಇಲಿನ?" ಅಂದಳು. ಚಹಾ ಕೆಳಗಿಟ್ಟು ಹೋದಳು.

ತಳಕ್ಕೆ ಹೊಸ ತಗಡು ಬೆಸೆದದ್ದಾಯಿತು. ನವರಾತ್ರಿ ಶುರುವಾದ ಮೇಲೆ ಎಂಜಿನ್ನಿನ ಸರದಿ. ಆಗಲೂ ಚಾವಿ ಹೊರಗೆ ಬರಲಿಲ್ಲ. ಕಬ್ಬಿಣದ ಹ್ಯಾಂಡಲ್ ಮುಂದಿನಿಂದ ತೂರಿಸಿ, ಪ್ಲಗ್ಗಿಲ್ಲದ ಎಂಜಿನ್ನನ್ನು ಬೀಸುವ ಕಲ್ಲು ತಿರುಗಿಸಿದಂತೆ ಒಂದು ಗೇಣು ತಿರುಗಿಸುವರು, ನಿಲ್ಲುವರು, ಮತ್ತೆ ಹಿಂದಕ್ಕೆ ತರುವರು. "ಕೈಗೆ ಕೇಳಬೇಕ್ರಿ," ಅನ್ನುವರು. ಮೂರನೆಯ ದಿನ ಅದು ಪೂರ್ತಿ ಒಂದು ಸುತ್ತು ಬಂದಾಗ ಆ ಮನುಷ್ಯ ಹ್ಯಾಂಡಲ್ ಬಿಟ್ಟು ನೆಲದ ಮೇಲೆ ಕೂತು, ಬರಿದೇ ನಕ್ಕರು. ಸುರೇಬಾನದ ಹಂದರದಲ್ಲಿ ಮುರಿದದ್ದು ಅವತ್ತು ಎಷ್ಟೋ ಕೂಡಿಕೊಂಡಿರಬೇಕು ಅಂತ ನನಗೆ ಈಗ ಅನ್ನಿಸುತ್ತದೆ.

ಖಂಡೇ ಪೂಜೆಯ ಬೆಳಿಗ್ಗೆ ಮಲ್ಲು ವಖಾರಿಯ ಬಾಗಿಲಲ್ಲಿ ಕೈ ಕಟ್ಟಿ ನಿಂತಿದ್ದ. ಅವ್ವ ಬಂದಳು. ಆ ವರ್ಷ ಅವಳ ಕೈಯಲ್ಲಿ ಕೊಡ ಇರಲಿಲ್ಲ, ತಂಬಿಗೆ ಇರಲಿಲ್ಲ, ಹಾರವೂ ಇರಲಿಲ್ಲ. ಒಂದು ಒಣ ಅರಿವೆ, ಒಂದು ನಿಂಬೆಹಣ್ಣು. ಕಾರನ್ನು ಮೆಲ್ಲಗೆ ಒರೆಸಿ, ಹಣ್ಣನ್ನು ಗಾಲಿಯ ಮುಂದೆ ಇಟ್ಟಳು. ಮಿಸ್ತ್ರಿ ಆಗ ಕಿಸೆಗೆ ಕೈ ಹಾಕಿದರು. ಚಾವಿಯನ್ನು ನನಗೆ ಕೊಡಲಿಲ್ಲ. ಅವ್ವನ ಅಂಗೈ ಮೇಲೆ ಇಟ್ಟರು. ಅವ್ವ ನನಗೆ ಕೊಟ್ಟಳು.

ಎರಡು ಸಲ ಕೆಮ್ಮಿತು. ಮೂರನೆಯ ಸಲಕ್ಕೆ ಹೊಗೆ ಕಾರಿ ಹಿಡಿದುಕೊಂಡಿತು. ಕ್ಲಚ್ ಬಿಟ್ಟೆ, ಗಾಲಿ ಉರುಳಿ ಹಣ್ಣು ಪಿಚಕ್ ಅಂದದ್ದು ಅಷ್ಟು ಸಪ್ಪಳದಲ್ಲೂ ಕೇಳಿಸಿತು. ಬಾಗಿಲು ದಾಟಿ ಬಿಸಿಲಿಗೆ ಬಂದೆವು. "ನಿಂದರಸ್ರಿ!" ಅಂತ ಮಿಸ್ತ್ರಿ ಒದರಿದರು. ಕಾಲು ಒತ್ತಿದೆ. ಕಾರು ಹೇಳಿದ ಮಾತು ಕೇಳುವ ಎತ್ತಿನ ಹಾಗೆ ನಿಂತಿತು. ಮಲ್ಲು ಕಟ್ಟಿದ ಕೈ ಬಿಚ್ಚಿ, "ಮನಿ ಹಿತ್ತಲದಾಗ ಒಂದ ಶೆಡ್ ಹಾಕಸೂಣೇನ, ಅಣ್ಣಾ?" ಅಂದ.

ಮಿಸ್ತ್ರಿ ಹೋಗಿ ಈಗ ಎರಡು ವರ್ಷ. ಕಡೆಯ ಸಲ ಕಂಡದ್ದು ಹೂಲಿಯಲ್ಲಿ, ಅವರು ಹಾಸಿಗೆ ಹಿಡಿದಿದ್ದಾಗ. ಅವ್ವ ತಾನೂ ಬರುತ್ತೇನೆಂದಳು. ಅದೇ ಕಾರಿನಲ್ಲಿ ಹೋದೆವು. ಒಳಗೆ ಕಾಲಿಡುವುದಕ್ಕೆ ಮೊದಲೇ ದನಿ ಬಂತು: "ಹಿಂದಿನ ಎಡಗಾಲಿ ಬ್ರೇಕ್ ಹಿಡ್ಯಾಕತ್ತೈತ್ರಿ, ಸಾವ್ಕಾರ್ರ. ಓಣಿಯಾಗ ಬರೂ ಮುಂದನ ಕೇಳಿಸ್ತು."

ಬಿಳಿ ಹೊದಿಕೆಯ ಮೇಲೆ ಅವರ ಕೈ ಇತ್ತು. ಹೆಬ್ಬೆರಳು ಬೆಳ್ಳಗಾಗಿತ್ತು. ನನಗೆ ನೋಡಲಾಗದೆ ಅತ್ತ ತಿರುಗಿದೆ.

"ಅವ್ವಾರ, ಇಲಿ ಕಾಟ ಹೆಂಗೈತ್ರಿ ಈಗ?" ಅಂತ ಮಿಸ್ತ್ರಿ ನಗೆಯಾಡಿದರು.

"ಈಗ ಇಲ್ಲಪಾ," ಅವ್ವ ಹೊದಿಕೆಯ ಅಂಚು ಸರಿಮಾಡುತ್ತ ಅಂದಳು. "ಇಲಿಗೆ ಬುದ್ಧಿ ಬಂದೈತಿ."

ಮಿಸ್ತ್ರಿ ಅವ್ವನ ಮುಖ ನೋಡಿದರು. ಆಮೇಲೆ ಎರಡೂ ಕೈ ಎತ್ತಿ ಮುಗಿದರು. ಅವ್ವ ಆ ಕೈಗಳನ್ನು ಹಿಡಿದು ಕೆಳಗಿಳಿಸಿದಳು.

ತಿರುಗಿ ಬರುವಾಗ ಸವದತ್ತಿ ದಾಟಿ ಒಂದು ಕಡೆ ಕಾರು ನಿಲ್ಲಿಸಿದೆ. ಇಳಿದು ಹಿಂದಿನ ಎಡಗಾಲಿಗೆ ಕೈ ಇಟ್ಟು ನೋಡಿದೆ. ಉಳಿದ ಮೂರು ತಣ್ಣಗಿದ್ದವು.

ಅವ್ವ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಬಿಸಿ ಐತೇನೋ?"

"ಐತಿ, ಅವ್ವಾ. ಸುಡಾಕತ್ತೈತಿ."

"ಹಂಗಾರ ಆ ಮನಷ್ಯಾ ಆಡಿದ ಸುಳ್ಳು ಆ ಇಲೀದೊಂದ ನೋಡು," ಅಂದಳು ಅವ್ವ. ಅಂದು, ಸೆರಗಿನಿಂದ ಕಾರಿನ ಗಾಜು ಒರೆಸತೊಡಗಿದಳು.