ಸೂರಿನ ಮೇಲಿನ ದಂಟಿನ ಸೊಪ್ಪು

ಹಸಿ ಸಿಮೆಂಟಿನ ವಾಸನೆ ನಿಮಗೆ ಇಷ್ಟವೋ ಇಲ್ಲವೋ ನನಗೆ ಗೊತ್ತಿಲ್ಲ. ನನಗಂತೂ ಆ ವಾಸನೆ ಮೂಗಿಗೆ ಬಡಿದರೆ ಬಸ್ಸಾರು ನೆನಪಾಗಿ ಬಾಯಲ್ಲಿ ನೀರೂರುತ್ತದೆ. ಮೊನ್ನೆ ನಮ್ಮ ಮನೆಯ ಮೇಲಂತಸ್ತಿಗೆ ಮೋಲ್ಡ್ ಹಾಕಿದಾಗ, ಅಂದರೆ ಕಾಂಕ್ರೀಟಿನ ಸೂರು ಹುಯ್ದಾಗಲೂ ಹಾಗೇ ಆಯಿತು. ಬೀದಿಯವರೆಲ್ಲ ಪಂಪಿನ ಸದ್ದಿಗೆ ಕಿವಿ ಮುಚ್ಚಿಕೊಂಡು ನಿಂತಿದ್ದರೆ ನಾನೊಬ್ಬಳು ಜೊಲ್ಲು ನುಂಗುತ್ತಾ ನಿಂತಿದ್ದೆ. ಈ ವಿಚಿತ್ರಕ್ಕೆ ಕಾರಣ ನಮ್ಮ ಅತ್ತೆ. ಕೇಳುವಷ್ಟು ಪುರುಸೊತ್ತಿದ್ದರೆ ಹೇಳುತ್ತೇನೆ.

ಶ್ರೀನಿವಾಸಪುರದಲ್ಲಿ ನಾವು ಈ ಮನೆ ಕಟ್ಟಿಸಲು ಶುರು ಮಾಡಿದಾಗ ಮಕ್ಕಳಿನ್ನೂ ಚಿಕ್ಕವರು. ನಾನು ಔಷಧಿ ಅಂಗಡಿಯಲ್ಲಿ ಮಾತ್ರೆ ಎಣಿಸಿಕೊಡುವವಳು, ನಮ್ಮ ಯಜಮಾನರು ಸ್ಕೂಲಿನಲ್ಲಿ ಮೇಷ್ಟ್ರು. ಹಗಲು ಕೆಲಸದವರ ಮೇಲೆ ಒಂದು ಕಣ್ಣಿಡಲಿ ಎಂದು ಗೌನಿಪಲ್ಲಿ ಹತ್ತಿರದ ಊರಿನಿಂದ ಅತ್ತೆಯನ್ನು ಕರೆಸಿಕೊಂಡೆವು. ಸೈಟಿನ ಪಕ್ಕದಲ್ಲೇ ಬಾಡಿಗೆ ಮನೆ. ಅತ್ತೆ ಬರುವಾಗಲೇ ಷರತ್ತು ಹಾಕಿ ಬಂದಿದ್ದರು: ಗೃಹಪ್ರವೇಶ ಮುಗಿದ ಮಾರನೆಯ ದಿನ ಕಿರಿಯ ಮಗನ, ಅಂದರೆ ನನ್ನ ಮೈದುನನ ಜೊತೆ ಊರಿಗೆ ವಾಪಸ್ಸು. ಟೌನಿನಲ್ಲಿ ಕೈಯಿಡಲು ಒಂದು ಹಿಡಿ ಮಣ್ಣಿಲ್ಲ, ಇಂಥ ಕಡೆ ಮನುಷ್ಯರು ಹೇಗೆ ಇರುತ್ತಾರೆ ಎನ್ನುವುದು ಅವರ ವಾದ. ನನಗೋ ಅವರು ಇರಬೇಕಿತ್ತು. ಮಕ್ಕಳನ್ನು ನೋಡಿಕೊಳ್ಳಲಿ ಎನ್ನುವ ಸ್ವಾರ್ಥ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ, ಸಂಜೆ ಅಂಗಡಿಯಿಂದ ಬಂದಾಗ ‘ಬಂದ್ಯೇನೇ?’ ಎಂದು ಕೇಳುವ ಆ ಗಂಟಲು ನನಗೆ ಅಭ್ಯಾಸವಾಗಿ ಹೋಗಿತ್ತು. ಮನೆ ಮೇಲೇಳುತ್ತಾ ಹೋದಂತೆ ಎಲ್ಲರಿಗೂ ಸಂತೋಷ, ನನಗೆ ಮಾತ್ರ ಅತ್ತೆ ಹೊರಡುವ ದಿನ ಹತ್ತಿರವಾಗುತ್ತಿದೆ ಎನ್ನುವ ಕಳವಳ.

ಮೇಸ್ತ್ರಿ ಮುನಿವೆಂಕಟಪ್ಪ ಮುಳಬಾಗಿಲಿನ ಕಡೆಯವನು. ಮಾವಿನ ಸುಗ್ಗಿ ಶುರುವಾದರೆ ನಮ್ಮೂರಿನಲ್ಲಿ ಕೂಲಿಯವರೆಲ್ಲ ಮಂಡಿಗಳಿಗೆ ಕಾಯಿ ತುಂಬಲು ಹೋಗಿಬಿಡುತ್ತಾರೆ, ಗಾರೆ ಕೆಲಸಕ್ಕೆ ನರಪಿಳ್ಳೆ ಸಿಗುವುದಿಲ್ಲ. ಅಷ್ಟರೊಳಗೆ ಮೋಲ್ಡ್ ಮುಗಿಯಬೇಕು ಎಂದು ಅವನು ಒಂದು ಗ್ಯಾಂಗು ಕರೆತಂದ. ಏನು ಜನ, ಏನು ಗದ್ದಲ! ಕೆಳಗೆ ಮಿಕ್ಸರ್ ಗಡಗಡ ತಿರುಗುವುದು, ಸಾರವೆಯ ಮೇಲೆ ಹೆಂಗಸರು ಗಂಡಸರು ಮೆಟ್ಟಿಲು ಮೆಟ್ಟಿಲಾಗಿ ನಿಂತು ಕಾಂಕ್ರೀಟು ತುಂಬಿದ ಬಾಂಡ್ಲಿಗಳನ್ನು ಕೈಯಿಂದ ಕೈಗೆ ದಾಟಿಸುವುದು, ಖಾಲಿ ಬಾಂಡ್ಲಿ ಮೇಲಿನಿಂದ ಧೊಪ್ಪೆಂದು ಬೀಳುವುದು. ಮೋಲ್ಡ್ ದಿನ ಗ್ಯಾಂಗಿಗೆ ಮನೆಯವರೇ ಊಟ ಹಾಕಬೇಕು, ಅದೂ ಕೋಳಿ ಸಾರು, ಮುದ್ದೆ. ಅತ್ತೆ ಸೆರಗು ಬಿಗಿದು ನಿಂತು ಬಡಿಸಿದರು. ನಾನು ಮುದ್ದೆ ಕಟ್ಟಲು ಹೋಗಿ ಕೈ ಸುಟ್ಟುಕೊಂಡು, ಮಜ್ಜಿಗೆ ಹಂಚುವ ಕೆಲಸಕ್ಕೆ ಬಡ್ತಿ ಪಡೆದೆ.

ಮಾರನೆಯ ದಿನ ಮುನಿವೆಂಕಟಪ್ಪ ಸೂರಿನ ಮೇಲೆ ಕೆಮ್ಮಣ್ಣಿನಿಂದ ಪುಟ್ಟ ಪುಟ್ಟ ಕಟ್ಟೆ ಕಟ್ಟಿಸಿ, ಗದ್ದೆಯ ಮಡಿಗಳ ಹಾಗೆ ಭಾಗ ಮಾಡಿ, ಮಡಿಗಳ ತುಂಬಾ ನೀರು ನಿಲ್ಲಿಸಿದ. ಕಾಂಕ್ರೀಟು ಬಿರುಕು ಬಿಡದೆ ಗಟ್ಟಿಯಾಗಲೆಂದು ಮಾಡುವ ಕ್ಯೂರಿಂಗ್ ಎನ್ನುತ್ತಾರಲ್ಲ, ಅದು. ಕೆಲವು ವಾರ ಈ ನೀರು ಆರಕೂಡದು ಎಂದು ಅತ್ತೆಗೆ ಒಪ್ಪಿಸಿ ಹೋದ. ಅತ್ತೆ ಮೇಲೆ ಹತ್ತಿ ನೋಡಿದರು. ಬೋರಿನಲ್ಲಿ ಬೆರಳಿನಷ್ಟು ನೀರು ಬಂದರೂ ಯಾವ ಗಿಡಕ್ಕೆ ಬಿಡಲಿ ಎಂದು ಲೆಕ್ಕ ಹಾಕುವ ಸೀಮೆಯವರು ಅವರು. ಕಲ್ಲಿನಂಥ ಸೂರಿನ ಮೇಲೆ ಅಷ್ಟು ನೀರು ಸುಮ್ಮನೆ ನಿಂತಿರುವುದನ್ನು ಕಂಡು ಅವರ ಹೊಟ್ಟೆ ಉರಿದುಹೋಯಿತಂತೆ. ನಾವೆಲ್ಲ ಕೆಲಸಕ್ಕೆ ಹೋದ ಮೇಲೆ ಮೂಲೆಯ ಕಟ್ಟೆ ಒಡೆದು, ನೀರನ್ನೆಲ್ಲ ಕೆಳಗೆ ಕಾಂಪೌಂಡಿನ ಪಕ್ಕದ ನುಗ್ಗೆ ಗಿಡಕ್ಕೆ ಬಿಟ್ಟರು.

ಸಂಜೆ ಮುನಿವೆಂಕಟಪ್ಪ ಬಂದು ನೋಡಿದರೆ ಸೂರು ಬಿಸಿಲಿಗೆ ಬೆಳ್ಳಗೆ ಒಣಗಿ, ಅಲ್ಲಲ್ಲಿ ಕೂದಲೆಳೆಯಂಥ ಬಿರುಕು. ತಲೆಯ ಮೇಲೆ ಕೈಹೊತ್ತು ಕೂತುಬಿಟ್ಟ. ಇನ್ನೊಂದು ದಿನ ಹೀಗಾದರೆ ಮಳೆಗಾಲದಲ್ಲಿ ಮನೆಯೊಳಗೆ ಬಕೆಟ್ ಇಟ್ಟುಕೊಂಡು ಮಲಗಬೇಕಾಗುತ್ತದೆ, ನನ್ನನ್ನು ಬೈಯಬೇಡಿ ಎಂದ. ಅತ್ತೆ ಜಗ್ಗಲಿಲ್ಲ, ಕಲ್ಲಿಗೆ ಯಾರಾದರೂ ನೀರು ಹುಯ್ಯುತ್ತಾರೆಯೇ ಎಂದರು. ಸಿಟ್ಟು ಬಂದರೆ ಅವರಿಗೆ ತೆಲುಗು ತಾನಾಗಿ ಬರುತ್ತದೆ. ಅವನಿಗೂ ಹಾಗೇ. ಇಬ್ಬರೂ ಸೇರಿ ಒಂದು ಗಳಿಗೆ ತೆಲುಗಿನಲ್ಲೇ ಜಾಡಿಸಿಕೊಂಡರು. ನಾನು ಮಾಲೂರಿನ ಶಿವಾರಪಟ್ಟಣದವಳು, ತೆಲುಗು ಕಿವಿಗೆ ಹತ್ತುತ್ತದೆ, ನಾಲಿಗೆಗೆ ಹತ್ತುವುದಿಲ್ಲ. ವಿಗ್ರಹ ಕೆತ್ತುವ ಊರಿನವಳಲ್ಲವೇ, ನನ್ನ ಬುದ್ಧಿವಂತಿಕೆಯನ್ನೂ ಸ್ವಲ್ಪ ಪ್ರದರ್ಶಿಸೋಣ ಎಂದು ನಡುವೆ ಬಾಯಿ ಹಾಕಿದೆ.

“ದೇವರೂ ಕಲ್ಲೇ ಅಲ್ವಾ ಅತ್ತೆ? ಅದಕ್ಕೆ ದಿನಾ ನೀರು ಹುಯ್ಯಲ್ವಾ?”

“ದೇವರಿಗೆ ಹುಯ್ದ ನೀರು ತುಳಸಿ ಗಿಡಕ್ಕೆ ಹೋಗ್ತದೆ ಕಣೇ. ಇದು ಎಲ್ಲಿಗೆ ಹೋಗ್ತದೆ?”

ನಾನು ಮಜ್ಜಿಗೆ ಹಂಚುವವಳ ಸ್ಥಾನಕ್ಕೆ ಮರಳಿದೆ. ಆ ರಾತ್ರಿ ಅತ್ತೆ ಬೇಗನೆ ಹೊದ್ದು ಮಲಗಿಬಿಟ್ಟರು. ಮುನಿಸಿಕೊಂಡು ಗೃಹಪ್ರವೇಶಕ್ಕೂ ಮೊದಲೇ ಊರಿನ ಬಸ್ಸು ಹತ್ತುತ್ತಾರೆ ಎಂದೇ ನಾನು ತಿಳಿದುಕೊಂಡೆ.

ಬೆಳಿಗ್ಗೆ ಎದ್ದು ನೋಡಿದರೆ ಅತ್ತೆ ಹಾಸಿಗೆಯಲ್ಲಿಲ್ಲ. ಸೂರಿನ ಮೇಲೆ, ಮಣ್ಣಿಗೆ ಸಗಣಿ ಬೆರೆಸಿ, ಒಡೆದ ಕಟ್ಟೆಯನ್ನು ಅಂಗಾಲಿನಿಂದ ತುಳಿದು ಭದ್ರ ಮಾಡುತ್ತಿದ್ದರು. ಮಡಿಗಳಲ್ಲಿ ನೀರು ತುಂಬಿತ್ತು. ಕಟ್ಟೆಗಳ ನೆತ್ತಿಯ ಮೇಲೆ ಉದ್ದಕ್ಕೂ ದಂಟಿನ ಬೀಜ ಉದುರಿಸಿದ್ದರು, ಒಂದು ಕಡೆ ಮೆಂತ್ಯ. ಮುನಿವೆಂಕಟಪ್ಪ ಬಂದವನು ಏನಮ್ಮಾ ಇದು ಎಂದು ಬಾಯಿಬಿಟ್ಟು ನಿಂತ.

“ಕಲ್ಲಿಗೆ ನೀರು ಹುಯ್ಯೋಕೆ ನಂಗೆ ಕೈ ಬರಲ್ಲ ಕಣಪ್ಪ,” ಎಂದರು ಅತ್ತೆ. “ಸೊಪ್ಪಿಗೆ ಹುಯ್ತೀನಿ. ಜೊತೇಲಿ ನಿನ್ನ ಕಲ್ಲೂ ಕುಡ್ಕೊಳ್ಳಲಿ.”

ಆಮೇಲೆ ನಮ್ಮ ಸೂರಿಗೆ ಸಿಕ್ಕ ಆರೈಕೆ ತಾಲ್ಲೂಕಿನಲ್ಲಿ ಬೇರೆ ಯಾವ ಸೂರಿಗೂ ಸಿಕ್ಕಿರಲಾರದು. ಬಿಸಿಲು ಏರುವ ಮೊದಲು ಒಂದು ಸಲ, ಇಳಿದ ಮೇಲೆ ಒಂದು ಸಲ ನೀರು. ನಡುವೆ ಮೊಳಕೆ ಬಂತೇ ಎಂದು ನೋಡುವ ನೆಪದಲ್ಲಿ ಇನ್ನೊಂದು ಸಲ. ಬಾಣಂತಿಯನ್ನು ನೋಡಿಕೊಂಡ ಹಾಗೆ ನೋಡಿಕೊಂಡರು. ಬಿರುಕುಗಳ ಮೇಲೆ ಮುನಿವೆಂಕಟಪ್ಪ ಸಿಮೆಂಟಿನ ಹಾಲು ಬಳಿದ. ಇವತ್ತಿನವರೆಗೆ ಒಂದು ತೊಟ್ಟು ಸೋರಿಲ್ಲ. ಕಟ್ಟೆ ಕೆರೆದು ತೆಗೆಯಬೇಕಾದ ಹೊತ್ತಿಗೆ ದಂಟು ಗೇಣುದ್ದ ಬೆಳೆದು ನಿಂತಿತ್ತು. ಕೆಳಗೆ ಸೂರಿಗೆ ಆಸರೆಯಾಗಿದ್ದ ಸೆಂಟ್ರಿಂಗ್ ಹಲಗೆಗಳನ್ನು ಬಿಚ್ಚಿದರು, ಮೇಲಿನ ಕಟ್ಟೆ ಮುಟ್ಟಲು ಅತ್ತೆ ಬಿಡಲಿಲ್ಲ. ಬದಲಿಗೆ ಆ ದಂಟಿನಲ್ಲಿ ಬಸ್ಸಾರು ಮಾಡಿ, ಮನೆಯಾಗದ ಮನೆಯ ನಡುಮನೆಯಲ್ಲಿ, ಸಿಮೆಂಟಿನ ವಾಸನೆಯ ಮಧ್ಯೆ ಎಲ್ಲರನ್ನೂ ಕೂರಿಸಿ ಬಡಿಸಿದರು. ಮುನಿವೆಂಕಟಪ್ಪ ಮುದ್ದೆ ಮುರಿಯುತ್ತಾ, ಕಟ್ಟೆ ಇದ್ದರೆ ಇರಲಿ ಬಿಡಿ, ಅದೇನು ಅನ್ನ ಕೇಳುತ್ತದೆಯೇ ಎಂದ. ನನ್ನ ಬಾಯಲ್ಲಿ ನೀರೂರುವುದಕ್ಕೆ ಕಾರಣ ಈಗ ತಿಳಿಯಿತಲ್ಲ.

ಗೃಹಪ್ರವೇಶ ಆಯಿತು. ಮಾರನೆಯ ದಿನ ಮೈದುನ ಅತ್ತೆಯ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತ. ನಾನು ಅಡುಗೆಮನೆಯಲ್ಲಿ ಸುಮ್ಮನೆ ತೊಳೆದ ಲೋಟಗಳನ್ನೇ ತೊಳೆಯುತ್ತಿದ್ದೆ. ಅತ್ತೆ ಮಹಡಿಯಿಂದ ಇಳಿದು ಬಂದು, ದಂಟು ಇನ್ನೊಂದು ಕೊಯ್ಲಿಗೆ ಚಿಗುರಿದೆ ಕಣೋ, ಆಮೇಲೆ ನೋಡೋಣ ಎಂದರು. ಆ ‘ಆಮೇಲೆ’ ಬರಲೇ ಇಲ್ಲ. ದಂಟು ಹೋಗಿ ಬದನೆ ಬಂತು, ಬದನೆಯ ಪಕ್ಕ ಕುಂಡಗಳಲ್ಲಿ ಟೊಮೇಟೊ, ಕನಕಾಂಬರ. ಮಕ್ಕಳು ಆ ತಾರಸಿಯ ತೋಟದಲ್ಲೇ ದೊಡ್ಡವರಾದರು.

ಈಗ ಮಗಳಿಗೆ ಮದುವೆ ಗೊತ್ತಾಗಿದೆ. ಬಂದು ಹೋಗುವವರಿಗೆ ಮೇಲೊಂದು ಮನೆ ಬೇಕು, ಹಾಗಾಗಿ ತೋಟ ಎತ್ತಬೇಕಾಯಿತು. ಮಂಡಿನೋವಿನಿಂದ ಅತ್ತೆ ಮೇಲೆ ಹತ್ತದೆ ಬಹಳ ದಿನವಾಗಿತ್ತು. ಕಟ್ಟಿಸಿ, ಕಟ್ಟಿಸಿ ಎಂದು ಮೊದಲು ಹೇಳಿದವರೂ ಅವರೇ. ಕುಂಡಗಳು ಕೆಳಗಿಳಿದ ಮೇಲೆ ಮಾತ್ರ ಮಂಕಾದರು. ಒಂದು ದಿನ ಮೈದುನನಿಗೆ ಫೋನು ಮಾಡಿಸಿ, ಬಂದು ಕರೆದುಕೊಂಡು ಹೋಗು, ಇಲ್ಲಿ ನನಗೇನು ಕೆಲಸ ಎಂದುಬಿಟ್ಟರು.

ಮೋಲ್ಡ್ ದಿನ ಬಂದದ್ದು ಗ್ಯಾಂಗಲ್ಲ, ರೆಡಿಮಿಕ್ಸ್ ಲಾರಿ. ಹೊಟ್ಟೆ ತಿರುಗಿಸುತ್ತಾ ಬಂದು ನಿಂತಿತು, ಪಂಪಿನ ಉದ್ದನೆಯ ಕೈ ಬೀದಿಯಿಂದಲೇ ತಾರಸಿಗೆ ಚಾಚಿ ಹುಯ್ದು ಮುಗಿಸಿತು. ಈ ಸಲವೂ ಮೇಸ್ತ್ರಿಯಾಗಿದ್ದ ಮುನಿವೆಂಕಟಪ್ಪನನ್ನು ಜನ ಎಲ್ಲಿ ಎಂದು ಕೇಳಿದರೆ, ಈಗಿನವರೆಲ್ಲ ಬೆಳಿಗ್ಗೆ ಕಂಪನಿ ಬಸ್ಸು ಹತ್ತುತ್ತಾರೆ, ಫ್ಯಾನಿನ ಕೆಳಗೆ ಕೆಲಸ, ಒಳ್ಳೆಯದೇ ಆಯಿತು ಬಿಡಿ, ಬಾಂಡ್ಲಿ ಹೊತ್ತು ನಮ್ಮ ಸೊಂಟ ಹೋದದ್ದು ಸಾಲದೇ ಎಂದ. ಕೋಳಿ ಸಾರು ಉಂಡವರು ನಾವು ನಾವೇ. ಕ್ಯೂರಿಂಗಿಗೆ ಈಗ ಒಂದು ಸ್ಪ್ರೇ ಬಂದಿದೆ, ಹೊಡೆದುಬಿಟ್ಟರೆ ನೀರೇ ಬೇಕಿಲ್ಲ, ದೊಡ್ಡಮ್ಮ ಖುಷಿ ಪಡುತ್ತಾರೆ ಎಂದೂ ಹೇಳಿದ.

“ಸ್ಪ್ರೇ ಬೇಡ,” ಎಂದೆ. “ನಾಲ್ಕು ಬುಟ್ಟಿ ಕೆಮ್ಮಣ್ಣು ಕಳಿಸು.”

ಅವನು ನನ್ನ ಮುಖ ನೋಡಿದ, ಆಮೇಲೆ ಕೆಳಗೆ ಅತ್ತೆಯ ಕೋಣೆಯ ಕಿಟಕಿಯ ಕಡೆ ನೋಡಿದ. ಹೋಗಿ ಮಣ್ಣು ಕಳಿಸಿದ.

ಮಾರನೆಯ ಬೆಳಿಗ್ಗೆ ತಲೆಗೆ ಟವೆಲು ಸುತ್ತಿಕೊಂಡು ನಾನೇ ಕಟ್ಟೆ ಕಟ್ಟಿದೆ. ಮಾತ್ರೆ ಎಣಿಸುವ ಕೈಗೆ ಮಣ್ಣು ಎಲ್ಲಿ ಬಗ್ಗುತ್ತದೆ? ಒಂದೊಂದು ಕಟ್ಟೆಯೂ ಒಂದೊಂದು ದಿಕ್ಕಿಗೆ ಹೋಯಿತು. ಹೇಗೋ ನೀರು ಬಿಟ್ಟು, ಮೇಲೆ ದಂಟಿನ ಬೀಜ ಉದುರಿಸಿ ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಕೆಳಗಿನ ಕಿಟಕಿಯಿಂದ ಗಂಟಲು ಕೇಳಿಸಿತು. ತಮ್ಮ ಕಿಟಕಿಯ ಮುಂದೆ ತೊಟ್ಟಿಕ್ಕುತ್ತಿದ್ದ ಕೆಂಪು ನೀರನ್ನು ಅತ್ತೆ ಕಂಡಿದ್ದರು.

“ಯಾರೇ ಅದು ಕಟ್ಟೆ ಕಟ್ಟಿರೋದು? ಸಗಣಿ ಬೆರೆಸಿಲ್ಲ, ಮೂಲೆ ಸೋರ್ತಿದೆ. ಅಂಗಾಲಲ್ಲಿ ತುಳಿ, ಬೆರಳಲ್ಲಿ ಅಲ್ಲ.”

ತುಳಿದೆ. ಅವರು ಕೆಳಗಿನಿಂದ ಹೇಳುತ್ತಾ ಹೋದರು, ನಾನು ಮೇಲೆ ತುಳಿಯುತ್ತಾ ಹೋದೆ. ನೀರು ನಿಂತಿತು. ಕಾಲು ತೊಳೆದುಕೊಂಡು ಇಳಿದು ಬರುವಾಗ ಬಾಗಿಲಲ್ಲಿ ಬೈಕು ನಿಂತಿತ್ತು. ಮೈದುನ ಬಂದು ಬ್ಯಾಗಿಗೆ ಕೈ ಹಾಕಿದ್ದ. ಅತ್ತೆ ಮಂಚದ ಮೇಲೆ ಕೂತು ಮಂಡಿ ಒತ್ತಿಕೊಳ್ಳುತ್ತಾ, ಅದನ್ನು ಅಲ್ಲೇ ಇಡು ಎಂದರು.

“ದಂಟು ಈಗ ತಾನೇ ಮೊಳಕೆ ಒಡೆದಿದೆ ಕಣೋ. ಇವಳಿಗೆ ಏನೂ ಗೊತ್ತಾಗಲ್ಲ. ಆಮೇಲೆ ನೋಡೋಣ.”

ಬೀಜ ಬಿದ್ದು ಇನ್ನೂ ಒಂದು ಗಂಟೆಯೂ ಆಗಿರಲಿಲ್ಲ. ನಾನು ಹೌದು ಎಂದು ತಲೆಯಾಡಿಸಿ ಕಾಫಿಗೆ ನೀರಿಟ್ಟೆ.