ಸಂಜೆಗೆ ತಿರುಗಿ ಬರುತ್ತಿದ್ದ ಟ್ಯಾಗ್‌ಗಳು

ಕೀಬೋರ್ಡಿನ ಮೇಲೆ ನಮ್ಮ ಸರ್ ಅವರ ತೋರುಬೆರಳು ಗೇಣೆತ್ತರದಲ್ಲಿ ನಿಂತುಬಿಡುತ್ತಿತ್ತು. ಎಡಗಣ್ಣು ಸಣ್ಣದಾಗುತ್ತಿತ್ತು, ಹಣೆಯ ಅಂಗಾರದ ಗೆರೆ ಸೊಟ್ಟಗಾಗುತ್ತಿತ್ತು. ಏನನ್ನಾದರೂ ಅಳಿಸಬೇಕಾದಾಗಲೆಲ್ಲ ಹೀಗೆ. ಆ ಬೆರಳು ಕೆಳಗಿಳಿಯುವಷ್ಟರಲ್ಲಿ ನನ್ನ ಚಹಾ ಆರಿರುತ್ತಿತ್ತು.

ಹಾನಗಲ್ಲಿನಲ್ಲಿ, ಗೊಬ್ಬರದಂಗಡಿಯ ಮೇಲಿನ ನಮ್ಮ ಪುಟ್ಟ ಆಫೀಸಿಗೆ ಅವರೇ ಹಿರಿಯರು. ಸಂಸ್ಕೃತ ಪಾಠ ಹೇಳುವ ಮನೆತನದವರು, ಕಂಪ್ಯೂಟರ್ ಕಲಿತು ಊರಲ್ಲೇ ಉಳಿದಿದ್ದರು. ಅಕ್ಕಿಆಲೂರಿನ ರೈಸ್ ಮಿಲ್ಲುಗಳಲ್ಲಿ ಭತ್ತ ತೂಗುವಾಗ ಬಳಸುವ ಸಾಫ್ಟ್‌ವೇರ್ ಬರೆಯುವುದು ನಮ್ಮ ಕೆಲಸ. ನಾನು ಅವರನ್ನು ಸರ್ ಎನ್ನುತ್ತಿದ್ದೆ, ಅವರು ನನ್ನನ್ನು ತಂಗಿ ಎನ್ನುತ್ತಿದ್ದರು.

ಅವರಷ್ಟು ಅನುಮಾನದ ಮನುಷ್ಯರನ್ನು ನಾನು ಕಂಡಿಲ್ಲ. ಬಸ್ಸಿನ ಮೇಲೆ ಹಾವೇರಿ ಎಂದು ಬರೆದಿದ್ದರೂ ಕಂಡಕ್ಟರನನ್ನು ಕೇಳುತ್ತಿದ್ದರು, ಹತ್ತಿ ಕುಳಿತ ಮೇಲೆ ಪಕ್ಕದವರನ್ನೂ ಕೇಳುತ್ತಿದ್ದರು. ಮನೆಗೆ ಹೊಸ ಅಕ್ಕಿ ಬಂದರೆ, ಅದನ್ನು ಉಂಡು ಹೊಟ್ಟೆಗೆ ಹಿತವೆನಿಸುವ ತನಕ ಹಳೆಯ ಅಕ್ಕಿಯ ಡಬ್ಬಿ ಖಾಲಿ ಮಾಡಲು ಬಿಡುತ್ತಿರಲಿಲ್ಲವಂತೆ. "ನಂಬೂಣು, ಯಾರ ಬ್ಯಾಡ ಅಂದ್ರು? ನಾಳೆ ನಂಬೂಣು" ಎನ್ನುವುದು ಅವರ ಮಾತು.

ಯಾವುದಾದರೂ ಮಿಲ್ಲಿಗೆ ಹೊಸ ಆವೃತ್ತಿ ಕೊಟ್ಟಾಗ, ಆ ಹೊತ್ತಿನ ಕೋಡಿಗೆ ಹೆಸರಿನ ಚೀಟಿ ಅಂಟಿಸಿದಂತೆ ಒಂದು ಟ್ಯಾಗ್ ಹಚ್ಚುತ್ತಿದ್ದೆವು. ಬೇಕಾದಾಗ ಆ ಹೆಸರು ಹಿಡಿದು ಹಳೆಯದನ್ನು ಹೊರತೆಗೆಯಬಹುದು. ವರ್ಷಗಟ್ಟಲೆ ಅವು ಗುಡ್ಡೆ ಬಿದ್ದಿದ್ದವು. ನನಗೋ ಕಸ ಕಂಡರೆ ಮೈಯುರಿ. ದಿನಾ ಸಂಜೆ ನಾಲ್ಕು ಗಂಟೆಗೆ, ಎಲ್ಲರ ಕೋಡೂ ಕೂಡಿಟ್ಟ ಸರ್ವರಿನ ಹಳೆಯ ಟ್ಯಾಗ್‌ಗಳನ್ನು ತಾನೇ ಅಳಿಸುವ ಹಾಗೆ ಒಂದು ಆಟೊಮೇಶನ್ ತಂದು ಕೂರಿಸಿದೆ.

"ಅಲ್ಲ ತಂಗಿ, ಅಳಸೂ ಮುಂದ ಇದು ಯಾರನ್ನ ಕೇಳ್ತದ?" ಎಂದರು ಸರ್.

"ಯಾರನ್ನೂ ಕೇಳಂಗಿಲ್ರಿ ಸರ. ಅದಕ್ಕ ತಂದೇನಿ."

"ಯಾರನ್ನೂ ಕೇಳದ ಕೆಲಸ ಮಾಡಾವ್ರನ್ನ ನಾ ಬಾಗಲದ ಒಳಗ ಬಿಡಂಗಿಲ್ಲ ನೋಡು."

ಮರುದಿನ ಬೆಳಿಗ್ಗೆ ನೋಡಿದರೆ ಅಳಿಸಿದ ಟ್ಯಾಗ್‌ಗಳೆಲ್ಲ ಸರ್ವರಿನಲ್ಲಿ ತಿರುಗಿ ಬಂದು ಕುಳಿತಿದ್ದವು. ನಾಲ್ಕಕ್ಕೆ ಮತ್ತೆ ಹೋದವು, ಬೆಳಗಾದರೆ ಮತ್ತೆ ಬಂದವು. ಅನುಮಾನ ಇನ್ನಾರ ಮೇಲೆ ಹೋಗಬೇಕು? ಎಲ್ಲರೂ ಐದಕ್ಕೆ ಮನೆಗೆ ಹೊರಟರೂ ಸರ್ ಮಾತ್ರ ಆರು ದಾಟದೆ ಕುರ್ಚಿ ಬಿಡುತ್ತಿರಲಿಲ್ಲ. ನೇರವಾಗಿ ಕೇಳಿಯೇಬಿಟ್ಟೆ: "ಸರ, ನೀವ ತಿರುಗಿ ಹಾಕಾಕತ್ತೀರೇನ್ರಿ?"

"ನನ್ನ ಮ್ಯಾಲ ಸಂಶಯ ಏನು? ಛಲೋ ಆತು. ಈಗ ನೀ ಹಾದಿಗೆ ಬಂದಿ!" ಎಂದು ನಕ್ಕರು.

ನಾನೂ ಬಿಡುವವಳಲ್ಲ. ಒಂದು ಸಂಜೆ ಐದೂವರೆಗೆ ಗಿರ್ಮಿಟ್ ತಿನ್ನಿಸುವ ನೆಪದಲ್ಲಿ ಅವರನ್ನು ಬಸ್ ನಿಲ್ದಾಣದ ಹತ್ತಿರ ಎಳೆದೊಯ್ದೆ, ಆಫೀಸಿನ ಕೀಲಿ ನನ್ನ ಕೈಯಲ್ಲೇ ಇಟ್ಟುಕೊಂಡೆ. ಗಿರ್ಮಿಟ್ ಅವರ ಗಂಟಲಿಗಿಳಿಯಲಿಲ್ಲ. ಗಡಿಯಾರ ನೋಡುವುದೇ ಕೆಲಸವಾಯಿತು. ಏಳಕ್ಕೆ ಇಬ್ಬರೂ ಬಂದು ಬಾಗಿಲು ತೆರೆದು ನೋಡಿದರೆ ಟ್ಯಾಗ್‌ಗಳು ಬಂದಿದ್ದವು! ನನ್ನ ಅನುಮಾನ ಸರ್ ಅವರನ್ನು ಬಿಟ್ಟು ಆಟೊಮೇಶನ್ ಮೇಲೆ, ಸರ್ವರಿನ ಮೇಲೆ, ಕೊನೆಗೆ ಕೆಳಗಿನ ಗೊಬ್ಬರದಂಗಡಿಯವನ ಮೇಲೂ ಹೋಯಿತು.

ಸುಗ್ಗಿ ಬಂತು. ಒಂದು ಬೆಳಿಗ್ಗೆ ಅಕ್ಕಿಆಲೂರಿನ ಮಿಲ್ಲಿನ ಮಾಲೀಕರ ಫೋನು: "ಏನ್ರೀ ಇದು, ನೀವು ಕೊಟ್ಟ ಹೊಸಾದು ಹುಚ್ಚುಚ್ಚಾರ ತೂಕ ತೋರ್ಸಾಕತ್ತೈತಿ. ಭತ್ತದ ಟ್ರ್ಯಾಕ್ಟರ್ ರಸ್ತೆತನಾ ನಿಂತಾವು. ರೈತರು ನನ್ನನ್ನ ಕಳ್ಳ ಅನ್ನಾಕತ್ಯಾರ್ರಿ!" ಹಳೆಯ ಆವೃತ್ತಿ ಕೂಡಲೇ ಬೇಕಿತ್ತು. ಅದರ ಟ್ಯಾಗನ್ನು ಹಿಂದಿನ ದಿನವಷ್ಟೇ ನನ್ನ ಆಟೊಮೇಶನ್ ಅಳಿಸಿತ್ತು. ಸರ್ವರ್ ತೆರೆದೆ. ಎಂದಿನಂತೆ ಟ್ಯಾಗ್ ತಿರುಗಿ ಬಂದು ಅಲ್ಲೇ ಕುಳಿತಿತ್ತು. ಮಧ್ಯಾಹ್ನದೊಳಗೆ ತೂಕ ಸರಿಹೋಯಿತು, ಟ್ರ್ಯಾಕ್ಟರುಗಳು ಕದಲಿದವು.

"ನಮ್ಮ ಮಾಳಗಿ ಮ್ಯಾಲ ಯಾವದೋ ದೆವ್ವ ಅದ, ತಂಗಿ. ಪಾಪ, ಒಳ್ಳೇದು" ಎಂದು ನಕ್ಕು ಸರ್ ಚಹಾ ಕುಡಿದರು. ನನಗೆ ಆ ನಗೆಯ ಮೇಲೇ ಅನುಮಾನ.

ಬೇಸಿಗೆಯ ಒಂದು ಭಾನುವಾರ, ಊಟ ಮಾಡಿ ಮಲಗಿದ್ದ ಸರ್ ಮತ್ತೆ ಏಳಲಿಲ್ಲ. ಹೃದಯ ನಿಂತಿತ್ತು. ನಾನು ಅಪ್ಪ ಹೋದಾಗ ಅತ್ತಷ್ಟೇ ಅತ್ತೆ. ಕೆಲಸಕ್ಕೆ ಮರಳಿದ ದಿನ ನಾಲ್ಕಕ್ಕೆ ಟ್ಯಾಗ್‌ಗಳು ಅಳಿಸಿಹೋದವು. ಇನ್ನು ಅವು ಬರಲಾರವು ಎಂದುಕೊಂಡು, ಮನೆಗೆ ಹೋಗಲು ಮನಸ್ಸಾಗದೆ ಅಲ್ಲೇ ಕುಳಿತಿದ್ದೆ.

ಆರಕ್ಕೆ ಎಲ್ಲವೂ ತಿರುಗಿ ಬಂದವು.

ಅವರ ಮೇಜಿನ ಕೆಳಗೆ ಬಗ್ಗಿ ನೋಡಿದೆ. ಯಾರೂ ಆರಿಸದ ಅವರ ಹಳೆಯ ಕಂಪ್ಯೂಟರ್ ಗುಂಯ್ ಎನ್ನುತ್ತಿತ್ತು. ತೆರೆದು ನೋಡಿದರೆ, ತನ್ನಲ್ಲಿದ್ದು ಸರ್ವರಿನಲ್ಲಿ ಇಲ್ಲದ ಟ್ಯಾಗ್‌ಗಳನ್ನೆಲ್ಲ ದಿನಾ ಆರು ಗಂಟೆಗೆ ತಿರುಗಿ ಕಳಿಸುವಂತೆ ಅವರು ಅದಕ್ಕೆ ಹೇಳಿಟ್ಟಿದ್ದರು. ನನ್ನ ಆಟೊಮೇಶನ್ನನ್ನು ಬೈಯುತ್ತಲೇ ತಮ್ಮದೊಂದನ್ನು ಹೂಡಿದ್ದರು, ಕಿಲಾಡಿ ಮನುಷ್ಯ! ಅದನ್ನೂ ಅವರು ನಂಬಿರಲಿಲ್ಲ. ಆರು ದಾಟುವ ತನಕ ಕೂರುತ್ತಿದ್ದದ್ದು ಅದನ್ನು ಕಾಯಲಿಕ್ಕೇ.

ಎರಡರಲ್ಲಿ ಒಂದನ್ನು ನಿಲ್ಲಿಸಬೇಕಿತ್ತು. ಬಹಳ ಹೊತ್ತು ಬೆರಳೆತ್ತಿ ಕುಳಿತೆ, ಆಮೇಲೆ ನನ್ನದನ್ನೇ ನಿಲ್ಲಿಸಿದೆ. ಅವರದು ಈಗಲೂ ದಿನಾ ಆರಕ್ಕೆ ನಡೆಯುತ್ತದೆ. ಅದು ಮುಗಿದದ್ದನ್ನು ಕಣ್ಣಾರೆ ನೋಡದೆ ನಾನು ಕುರ್ಚಿ ಬಿಟ್ಟು ಏಳುವುದಿಲ್ಲ.